ಗಟ್ಟಿ ಅಚ್ಚು

ನಮ್ಮ ಅಡುಗೆಮನೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಕ್ಕೆಯೊಂದಿತ್ತು. ಮಗಳು ಚಂಪಕಳನ್ನು ತೂಗಿದ್ದು ಅದರಲ್ಲೇ. ಅವಳು ಪ್ರಾಯಕ್ಕೆ ಬಂದ ಮೇಲೆ ಅದೇ ಕೊಕ್ಕೆಯಲ್ಲಿ ಸೈಕಲ್ ಚಕ್ರ ತೂಗಿತು. ಹಿಟ್ಟು ನಾದುತ್ತಾ ನಾನು ಮೊಣಕೈಯಿಂದ ಅದನ್ನು ತಿರುಗಿಸುತ್ತಿದ್ದೆ. ಎಲ್ಲಿಯೂ ಓಲಾಡದೆ ಸುತ್ತಿ, ಸದ್ದಿಲ್ಲದೆ ನಿಲ್ಲುತ್ತಿತ್ತು.

ಹಿಂದಿನ ವರ್ಷ ಗುಡ್ಡದ ಸೈಕಲ್ ಓಟದಲ್ಲಿ, ಕಲ್ಲುಗಳ ಇಳಿಜಾರಿನಲ್ಲಿ, ಅವಳ ಮುಂದಿನ ಚಕ್ರ ಕಳಚಿಹೋಗಿತ್ತು. ಅದನ್ನು ಹಿಡಿದಿದ್ದುದು ತೆಳ್ಳನೆಯ ಒಂದು ಸರಳು, ಅದರ ತುದಿಯಲ್ಲಿ ಬೆರಳಿನಿಂದ ಮಡಚುವ ಹಿಡಿ. ಹಿಡಿ ಸಡಿಲವಾಯಿತು, ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ ಕವಲಿನ ತೆರೆದ ಬಾಯಿಯಿಂದ ಚಕ್ರ ಜಾರಿತು. ಒಂದೇ ಪದರದ ರಿಮ್ಮು ಹಪ್ಪಳದಂತೆ ಸೊಟ್ಟಗಾಯಿತು. ಚಂಪಕಳ ಹೆಗಲ ಮೂಳೆ ಕೂಡಿಕೊಳ್ಳಲು ಒಂದು ಮಳೆಗಾಲವೇ ಹಿಡಿಯಿತು.

ಮತ್ತೆ ಹೋಗುತ್ತೇನೆ ಎಂದಾಗ ನಾನು ಬೇಡವೆನ್ನಲಿಲ್ಲ. ಯಾವ ಚಕ್ರದ ಮೇಲೆ ಹೋಗುತ್ತೀ ಹೇಳು ಎಂದೆ. ರಿಮ್ಮನ್ನು ಇಬ್ಬರೂ ಕೂಡಿಯೇ ಆರಿಸಿದೆವು: ಹಗುರವಾದದ್ದನ್ನು ಬಿಟ್ಟು, ಪೆಟ್ಟಿಗೆಯಂತೆ ಎರಡು ಗೋಡೆಯಿರುವ, ಕಲ್ಲಿನ ಏಟು ತಿಂದರೂ ಬಾಗದ್ದು. ಕವಲೂ ಹೊಸದು. ಅದರ ತುದಿಗಳಲ್ಲಿ ತೆರೆದ ಬಾಯಿಯ ಬದಲು ಮುಚ್ಚಿದ ತೂತುಗಳು. ದಪ್ಪ ಅಚ್ಚೊಂದು ಈ ತೂತಿನಲ್ಲಿ ಹೊಕ್ಕು, ಚಕ್ರದ ನಡುವೆ ಹಾದು, ಆ ತೂತಿನ ತಿರುಪಿನಲ್ಲಿ ಕೂರಬೇಕು. ಹಳೆಯದು ಕಿಟಕಿಯ ಚಿಲಕವಾದರೆ ಇದು ಹೆಬ್ಬಾಗಿಲ ಅಗುಳಿ.

ಆ ಅಚ್ಚೊಂದು ಮಾತ್ರ ಸಿಕ್ಕಿರಲಿಲ್ಲ. ನನ್ನಪ್ಪ ಎತ್ತಿನ ಗಾಡಿ ಮಾಡುತ್ತಿದ್ದವರು, ಅವರ ಬಾಯಲ್ಲಿ ಅದು ಅಚ್ಚೇ. ಆಕ್ಸಲ್ ಎನ್ನುವ ಮಾತು ನನ್ನ ನಾಲಿಗೆಗೆ ಬರುತ್ತಿರಲಿಲ್ಲ. ಪಟ್ಟಣದಲ್ಲಿ ಕಿರಾಣಿ ಅಂಗಡಿಯಿಟ್ಟಿದ್ದ ಮೈದುನ ಮಹಾಬಲನಿಗೆ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದೆ: ಚಂಪಕಳ ಓಟಕ್ಕೆ ಗಟ್ಟಿ ಅಚ್ಚು ಬೇಕು, ಒಳ್ಳೆಯದೇ ಇರಲಿ.

ಓಟದ ಹಿಂದಿನ ದಿನ ಮೊದಲ ಬಸ್ಸಿಗೆ ಬುಟ್ಟಿ ಬಂತು. ತುಂಬ ಅಚ್ಚು ಬೆಲ್ಲ. ಪಾನಕಕ್ಕೆ ಬಹಳ ಚೆನ್ನಾಗಿರುತ್ತದೆ ಅತ್ತಿಗೆ ಎಂದು ಬೇರೆ ಹೇಳಿಕಳಿಸಿದ್ದ.

ನನಗೆ ನಗು ಬಂತು. ಚಂಪಕ ನಗಲಿಲ್ಲ. ಬೆಲ್ಲವನ್ನೇ ನೋಡುತ್ತಾ ಕೇಳಿದಳು.

"ಬೇಕಂತಲೇ ಹಾಗೆ ಹೇಳಿಕಳಿಸಿದೆಯೇನಮ್ಮಾ? ನಾನು ಹೋಗಬಾರದು ಅಂತ?"

ಇಲ್ಲ ಎನ್ನುವುದು ಸುಲಭವಿತ್ತು. ಅದು ಅವಳೊಳಗೆ ಇಳಿಯುತ್ತಿರಲಿಲ್ಲ. ಒಲೆ ಆರಿಸಿ, ಇನ್ನೂ ಸೈಕಲ್ಲಿಗೆ ಕೂಡಿಸದೆ ಇದ್ದ ಕವಲನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡೆ.

"ಅನ್ನ ಆಗಿದೆ. ಸಾರಿಗೆ ಒಗ್ಗರಣೆ ನೀನೇ ಹಾಕ್ಕೋ," ಎಂದು ಪಟ್ಟಣದ ಬಸ್ಸು ಹತ್ತಿದೆ.

ಮಡಿಲಲ್ಲಿದ್ದ ಗಂಟನ್ನು ನೋಡಿ ಕಂಡಕ್ಟರು, ಮಗು ನಿದ್ದೆ ಮಾಡ್ತಾ ಇದೆಯಾ ಎಂದು ದನಿ ತಗ್ಗಿಸಿ ಕೇಳಿದ. ಹೌದೆಂದೆ.

ಸೈಕಲ್ ಅಂಗಡಿಯವನು ತಂದ ಮೊದಲನೆಯ ಅಚ್ಚು ಗಿಡ್ಡ. ಎರಡನೆಯದರ ಉದ್ದವೂ ದಪ್ಪವೂ ಸರಿಯಿತ್ತು, ಆದರೆ ತಿರುಪು ಎರಡು ಸುತ್ತಿಗೆ ಬಿಗಿದು ನಿಂತಿತು. ಅವನು ಪಾನಾ ಕೈಗೆತ್ತಿಕೊಂಡ.

"ಒತ್ತಿ ತಿರುಗಿಸಿದರೆ ಹೋಗುತ್ತಮ್ಮ. ಎಲ್ಲರೂ ಹಾಗೇ ಮಾಡೋದು."

"ಬೇಡಣ್ಣ. ಕೈಬೆರಳಲ್ಲಿ ತಿರುಗಿದರೆ ಅದು ಇದರದ್ದು. ಒತ್ತಬೇಕಾದರೆ ಬೇರೆ ಯಾವುದರದ್ದೋ."

ಅವನು ಗೊಣಗಿದ, ಪೆಟ್ಟಿಗೆಗಳನ್ನು ಇಳಿಸಿದ. ಕಡೆಗೊಂದು ಅಚ್ಚು ಬೆರಳು ಸೋಕಿದ್ದಕ್ಕೇ ಸುತ್ತುತ್ತಾ ಒಳಗೆ ಹೋಗಿ ಕೂತಿತು.

ಸಂಜೆ ಹಿಂದಿರುಗಿದಾಗ ಚಂಪಕ ಬಾಗಿಲಲ್ಲೇ ಇದ್ದಳು. ಗಂಟು ಬಿಚ್ಚಿ ಅವಳ ಕೈಗೆ ಕೊಟ್ಟೆ. ಕವಲು ಕೂಡಿಸಿ, ಕೊಕ್ಕೆಯಿಂದ ಚಕ್ರ ಇಳಿಸಿ ಅದರಲ್ಲಿ ನಿಲ್ಲಿಸಿ, ಅಚ್ಚು ಹಾಯಿಸಿದಳು. ಕೊನೆಯ ಸುತ್ತು ಉಳಿದಾಗ ಅಚ್ಚು ಬಿಗಿಯುವ ಕೀಲಿಯನ್ನು ನನ್ನತ್ತ ಚಾಚಿದಳು.

"ನೀನೇ ಬಿಗಿ ಮಾಡಮ್ಮಾ."

ಬಿಗಿ ಮಾಡಿದೆ.

ಮರುದಿನ ಗುಡ್ಡದ ಬುಡದಲ್ಲಿ ಪಾನಕದ ಕೊಳಗ ಇಟ್ಟುಕೊಂಡು ನಿಂತೆ. ಅವಳು ಎಷ್ಟನೆಯವಳಾಗಿ ಬಂದಳೆಂದು ಬೇರೆಯವರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಅವಳು ಕಲ್ಲಿನಿಂದ ಕಲ್ಲಿಗೆ ಇಳಿದು ಬರುವಷ್ಟು ಹೊತ್ತೂ ನನ್ನ ಕಣ್ಣು ಮುಂದಿನ ಚಕ್ರದ ನಡುವಿನಲ್ಲೇ ಇತ್ತು. ಅದು ಅಲುಗಲಿಲ್ಲ.

ಸಂಜೆ ಚಕ್ರ ಮತ್ತೆ ಕೊಕ್ಕೆಗೆ ಏರಿತು. ನಾನು ಹಿಟ್ಟು ನಾದುತ್ತಾ ಮೊಣಕೈಯಿಂದ ಒಮ್ಮೆ ತಿರುಗಿಸಿದೆ. ಒಣಗಿದ ಕೆಮ್ಮಣ್ಣು ಸುತ್ತಲೂ ಉದುರಿತು. ಚಕ್ರ ಮಾತ್ರ ಎಲ್ಲಿಯೂ ಓಲಾಡದೆ ಸುತ್ತುತ್ತಲೇ ಇತ್ತು.