ಕೂಲರಿನ ಮುಂದಿನ ತಟ್ಟೆ

ಮೂರು ತಟ್ಟೆ ನೋಡುವ ತನಕ ಬದರುನ್ನಿಸಾ ನಗುತ್ತಲೇ ಇದ್ದಳು. ನಗದೆ ಇನ್ನೇನು ಮಾಡುವುದು? ಅಂಗೈಯಗಲದ ಗಾಜಿನ ತಟ್ಟೆ, ಒಳಗೆ ಗಂಜಿ ಹೆಪ್ಪುಗಟ್ಟಿದಂಥ ಪದರ, ಅದರ ಮೇಲೆ ತನ್ನದೇ ಮನೆಯ ಬೂಷ್ಟು ಬಣ್ಣಬಣ್ಣವಾಗಿ ಬೆಳೆದು ಕೂತಿತ್ತು. ಹೋದ ವಾರ ಕಲಬುರಗಿಯಿಂದ ಬಂದ ಭಾಗ್ಯಜ್ಯೋತಿ ಎಂಬ ಹುಡುಗಿ ಈ ತಟ್ಟೆಗಳನ್ನು ಮನೆಯ ನಾಲ್ಕು ಕಡೆ ಕಾಲು ತಾಸು ತೆರೆದಿಟ್ಟು, ಮುಚ್ಚಿ ಒಯ್ದಿದ್ದಳು. ನೆಲೋಗಿಯವಳು, ಮನೆಯೊಳಗಿನ ಬೂಷ್ಟಿನ ಮೇಲೆ ಸಂಶೋಧನೆ ಮಾಡುತ್ತಾಳಂತೆ. ಸೊನ್ನದ ಈ ಓಣಿಯಲ್ಲೇ ಎಂಟು ಮನೆ ಹಿಡಿದಿದ್ದಳು.

"ಇದು ಜ್ವಾಳದ ಚೀಲದ ಬಾಜೂಕ ಇಟ್ಟಿದ್ದು ನೋಡ್ರಿ ಚಾಚಿ. ಹಸರಂದು ಪೆನಿಸಿಲಿಯಂ. ಟ್ರಂಕಿನ ಹತ್ರ ಇಟ್ಟಿದ್ರಾಗ ಕರೀ ಗುಂಡುಸೂಜಿಯಂಗ ನಿಂತದಲ್ಲ, ಅದು ರೈಜೋಪಸ್. ಹಳೀ ರೊಟ್ಟಿ ಮ್ಯಾಲೆ ಬರ್ತದಲ್ರಿ, ಅದೇ. ಬಚ್ಚಲದಾಗಿಂದು ಕ್ಲಾಡೋಸ್ಪೋರಿಯಂ."

"ಯವ್ವಾ! ಬಾಡಿಗಿ ಇಲ್ದ ಇಷ್ಟು ಮಂದಿ ಸೇರ್ಕೊಂಡಾರೇನಬೇ ನನ್ನ ಮನ್ಯಾಗ?" ಎಂದು ಬದರುನ್ನಿಸಾ ಬಾಯಿಗೆ ಸೆರಗು ಹಿಡಿದಳು. "ಬೂಷ್ಟಿಗೂ ಹೆಸರಿಟ್ಟು ತೊಟ್ಟಿಲಿಗೆ ಹಾಕೀರಿ."

ಒಳಗೆ ಕೂಲರಿನ ಗುಂಯ್ ಸದ್ದಿನ ನಡುವೆ ಗಂಡ ಜಹೀರುದ್ದೀನ ಕೆಮ್ಮಿದ. ಅವಳ ನಗು ಅಷ್ಟಕ್ಕೇ ಸಣ್ಣದಾಯಿತು. ಅಫಜಲಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮನುಷ್ಯ. ಆರು ವರ್ಷದ ಹಿಂದೆ ಟಿಬಿ ಬಂದು, ಗುಳಿಗೆ ನುಂಗಿ ನುಂಗಿ ಗೆದ್ದಿದ್ದ. ಆದರೆ ಪುಪ್ಪುಸದಲ್ಲಿ ಒಂದು ತೂತು ಉಳಿಯಿತು. ಹೋದ ಚಳಿಗಾಲದಲ್ಲಿ ಕೆಮ್ಮಿನ ಜೊತೆ ರಕ್ತ ಬಂತು. ಕಲಬುರಗಿಯ ಡಾಕ್ಟರು ಎದೆಯ ಫೋಟೋ ತೆಗೆಸಿ, ಆ ಹಳೆಯ ತೂತಿನಲ್ಲಿ ಬೂಷ್ಟು ಉಂಡೆ ಕಟ್ಟಿ ಕೂತಿದೆ, ಆಪರೇಷನ್ ಮಾಡಿದರೆ ಈ ದೇಹ ತಡೆಯೋದಿಲ್ಲ ಅಂದುಬಿಟ್ಟರು. ಅದರ ಹೆಸರನ್ನೂ ಹೇಳಿದ್ದರು. ಓದು ಬಾರದ ಬದರುನ್ನಿಸಾ ಮರೆತುಹೋದೀತೆಂದು ಬಸ್ಸಿನಲ್ಲಿ ಊರು ಬರುವ ತನಕ ಆ ಹೆಸರನ್ನು ತುಟಿಯಲ್ಲೇ ಜಪಿಸಿದ್ದಳು.

"ನಾಲ್ಕನೇದು ಎಲ್ಲದಬೇ?"

ಹುಡುಗಿ ತಡವರಿಸಿ ಚೀಲದಿಂದ ತೆಗೆದಳು. ಈ ತಟ್ಟೆಯಲ್ಲಿ ಬಣ್ಣಬಣ್ಣವಿರಲಿಲ್ಲ. ಅಂಚಿನಿಂದ ಅಂಚಿನ ತನಕ ಒಂದೇ ಬೂದಿಹಸಿರು ಪುಡಿ, ಸೂಜಿಮೊನೆ ಊರಲೂ ಜಾಗವಿಲ್ಲ.

"ಇದು ಕೂಲರಿನ ಮುಂದ ಇಟ್ಟಿದ್ದು ರಿ. ಆಸ್ಪರ್ಜಿಲಸ್."

ಯಾ ಅಲ್ಲಾ! ಜಗತ್ತಿನ ಅಷ್ಟೂ ಬೂಷ್ಟಿನಲ್ಲಿ ಅವಳಿಗೆ ಗೊತ್ತಿದ್ದದ್ದು ಅದೊಂದೇ ಹೆಸರು.

"ಡಾಕ್ಟರ್ ಸಾಬರು ಹೇಳಿದ್ದೂ ಇದೇ" ಎಂದಳು ಮೆಲ್ಲಗೆ.

ಭಾಗ್ಯಜ್ಯೋತಿಯ ಮುಖ ಇಳಿಯಿತು. "ಇದು ಎಲ್ಲಾ ಕಡೆ ಗಾಳ್ಯಾಗ ಇರ್ತದ ರಿ. ಗಟ್ಟಿ ಇದ್ದೋರಿಗೆ ಏನೂ ಮಾಡಂಗಿಲ್ಲ. ಕಾಕಾಗ ಇದರಿಂದನೇ ಬಂತಂತ ನಾ ಹೆಂಗ ಹೇಳ್ಲಿ? ಆದ್ರ ಕೂಲರ್ ಮಾತ್ರ ಹಚ್ಚಬ್ಯಾಡ್ರಿ. ಅದರ ಹುಲ್ಲು ಯಾವಾಗ ಬದಲಿ ಮಾಡೀರಿ?"

"ತಂದಾಗಿಂದ ಅದೇ ಅದ. ಇದು ಮೂರನೇ ಬ್ಯಾಸಗಿ."

ಜೇವರ್ಗಿಯಲ್ಲಿರುವ ಅವಳ ತಮ್ಮ ಸೊಹೇಲ ಟೆಂಪೋದಲ್ಲಿ ಹಾಕಿ ಕಳಿಸಿದ್ದ ಕೂಲರು. ಹೋದ ವರ್ಷವೇ ಅದರ ಜಾಲರಿಗೆ ಹೊಸ ಹುಲ್ಲು ತರುತ್ತೇನೆಂದು ಹೊರಟವಳನ್ನು ತಡೆದವನು ಜಹೀರುದ್ದೀನ. "ಇರ್ಲಿ ಬಿಡು ಬದ್ರು. ಈ ಹುಲ್ಲಿಂದು ಮಳಿ ಬಿದ್ದ ನೆಲದ ವಾಸನಿ ಬರ್ತದ" ಅಂದಿದ್ದ. ಅವನಿಗೆ ಹಿತವೆಂದು ಅವಳು ಕೂಲರನ್ನು ಇನ್ನೂ ಒಂದು ಮೊಳ ಮಂಚದ ಹತ್ತಿರ ಸರಿಸಿದಳು. ಝಳ ಬರಬಾರದೆಂದು ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿದಳು. ದಿನಾ ನಾಲ್ಕಕ್ಕೆ ನೀರು ತುಂಬಿದಳು, ಒಂದು ದಿನವೂ ತಪ್ಪಿಸಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿ ಬೇರೆ ಯಾರೂ ಅಲ್ಲ, ತಾನೇ.

ಹುಡುಗಿ ಹೋದಮೇಲೆ ಒಳಗೆ ಬಂದು ಪ್ಲಗ್ಗು ಕಿತ್ತಳು. ಕೋಣೆ ಹಂಚಿನಂತೆ ಕಾಯತೊಡಗಿತು.

"ಕರೆಂಟ್ ಹೋತೇನು?" ಎಂದ ಜಹೀರುದ್ದೀನ. ಎದೆ ತಿದಿಯಂತೆ ಏರಿಳಿಯುತ್ತಿತ್ತು.

"ಹೂಂ, ಹೋಗ್ಯದ."

"ಬಾಜೂ ಮನ್ಯಾಗ ಮಿಕ್ಸರ್ ತಿರುಗಾಕತ್ತದಲ್ಲ."

ಹೇಗೆ ಹೇಳುವುದು? ಹೇಳಿದರೆ ಅವನು ಒಂದು ಸಲ ಕಣ್ಣೆತ್ತಿ ತನ್ನನ್ನು ನೋಡುತ್ತಾನೆ. ಆ ನೋಟಕ್ಕೆ ಅವಳು ಹೆದರಿದ್ದಳು. ಬೀಸಣಿಗೆ ತಂದು ಗಾಳಿ ಹಾಕಿದಳು. ಕೈ ಸೋತು ನಿಂತಾಗ ಅವನು ಗೋಡೆ ನೋಡುತ್ತ ಕೇಳಿದ, "ನನ್ನ ಮ್ಯಾಲೆ ಬ್ಯಾಸರ ಬಂತೇನು ಬದ್ರು?"

ಅವಳು ಹಿತ್ತಲಿಗೆ ಓಡಿದಳು. ನೀರಿನ ಹೌದಿಗೆ ಹಣೆ ಹಚ್ಚಿ ದನಿ ಬರದಂತೆ ಅತ್ತಳು. ಅತ್ತು ಮುಗಿಸಿ ಮುಖ ತೊಳೆಯುವಷ್ಟರಲ್ಲಿ ನಾಲ್ಕಾಗಿತ್ತು. ಕೈಗೆ ಅದರದೇ ರೂಢಿ. ಬಕೀಟು ತುಂಬಿತು, ಕಾಲುಗಳು ಒಳಗೆ ನಡೆದವು. ಕೂಲರಿನ ಮುಂದೆ ಬಂದು ನಿಂತಮೇಲೆಯೇ ಅವಳಿಗೆ ಎಚ್ಚರ.

ಬಕೀಟಿನ ಹಿಡಿಕೆ ಕಿಣಿ ಎಂದದ್ದು ಜಹೀರುದ್ದೀನನಿಗೆ ಕೇಳಿಸಿತು. "ಬಂದಿಯೇನು?" ಎಂದು ನಕ್ಕ. ಕಷ್ಟಪಟ್ಟು ಈ ಮಗ್ಗುಲಿಗೆ ಹೊರಳಿ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕೂಲರಿನ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡ.

ಬದರುನ್ನಿಸಾ ತುಂಬಿದ ಬಕೀಟು ಹಿಡಿದು ನಿಂತೇ ಇದ್ದಳು. ಅವನು ಗಾಳಿಗಾಗಿ ಕಾಯುತ್ತಿದ್ದ.