ಬಾಗಿಲಿಲ್ಲದ ಬೇಲಿ

ನನ್ನ ಮಗಳು ಹದಾತ್ ತೀರಿಕೊಂಡ ವರ್ಷ ನಮ್ಮ ಬೆಟ್ಟಕ್ಕೆ ಮಂಜು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಚಳಿಗಾಲ ಕಾಲಿಟ್ಟ ಮೇಲೆ ಕೆಂಪು ಕಡಲಿನ ಕಡೆಯಿಂದ ಮಂಜು ಏರಿ ಬರುವುದು ದೇವರು ಇಟ್ಟ ಕ್ರಮ. ನಮ್ಮಲ್ಲಿ ಮಳೆ ಅಪರೂಪದ ನೆಂಟ, ಮಂಜು ಮನೆಯವನು. ಆ ಮನೆಯವನೇ ಆ ಸಲ ಬಾಗಿಲಿಗೆ ಬಂದಿರಲಿಲ್ಲ. ಶಕುನ ನೋಡುವುದು ನಮ್ಮ ಧರ್ಮದಲ್ಲಿ ಸಲ್ಲದು. ನಾನು ನೋಡುವವನೂ ಅಲ್ಲ. ಆದರೂ ಮುಂಜಾನೆಯ ನಮಾಜು ಮುಗಿಸಿ ಏಳುವಾಗ ಕಣ್ಣು ತಾನಾಗಿಯೇ ಕಡಲಿನ ಕಡೆ ತಿರುಗುತ್ತಿತ್ತು. ಅಲ್ಲಿ ಆಕಾಶ ತೊಳೆದಿಟ್ಟ ತಟ್ಟೆಯಂತೆ ಖಾಲಿಯಾಗಿರುತ್ತಿತ್ತು.

ಹದಾತ್‌ಗೆ ಮಕ್ಕಳಿರಲಿಲ್ಲ. ಬಂದರಿಗೆ ಕೆಲಸಕ್ಕೆ ಹೋದ ಗಂಡ ಅಲ್ಲಿಯೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಅವಳು ಬಿಟ್ಟುಹೋದದ್ದು ಒಂದು ಸಾಲು ಎಣ್ಣೆ ಡಬ್ಬಿಗಳಲ್ಲಿ ಬೆಳೆದ ಓಂಬೆಟ್ ಸಸಿಗಳನ್ನು. ಮೇಲಿನ ಕೊರಕಲಿನಲ್ಲಿ ಹಣ್ಣು ಬಿಡುತ್ತಿದ್ದ ಕೊನೆಯ ಮರದಿಂದ ಕಿತ್ತಳೆ ಬಣ್ಣದ ಹಣ್ಣುಗಳನ್ನು ಆರಿಸಿ ತಂದು ಬಿತ್ತಿದ್ದಳು. ಓಂಬೆಟ್ ನಿಧಾನದ ಮರ. ವರ್ಷಗಟ್ಟಲೆ ಸಾಕಿದರೂ ಅವು ಗೇಣುದ್ದ ಮೀರಿರಲಿಲ್ಲ; ಕತ್ತಿಯ ಆಕಾರದ ನಾಲ್ಕಾರು ಎಲೆ, ಅಷ್ಟೇ. ಕುಡಿಯುವ ನೀರನ್ನು ಗಿಡಕ್ಕೆ ಹಾಕುವಷ್ಟು ನಾವು ಉಳ್ಳವರಲ್ಲ. ಅವಳು ನಮಾಜಿಗೆ ಮುಂಚೆ ಕೈಕಾಲು ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದು ಅವಕ್ಕೆ ಹನಿಸುತ್ತಿದ್ದಳು. ಜ್ವರದಲ್ಲಿ ನಾಲಿಗೆ ಒಣಗಿದಾಗಲೂ ಅವಳ ಮಾತು ಅವುಗಳ ಮೇಲೆಯೇ ಇತ್ತು. "ಅಪ್ಪಾ, ಮಂಜು ಬರೋದ್ರೊಳಗೆ ಅವನ್ನ ಮೇಲೆ ನೆಟ್ಟುಬಿಡು. ಕೆಳಗೆ ಅವು ಬದುಕಲ್ಲ" ಎಂದಳು. ನಾನು ಆಗಲಿ ಎಂದೆ. ಅದೇ ನಮ್ಮಿಬ್ಬರ ಕೊನೆಯ ಮಾತು.

ಅವಳನ್ನು ಹಳ್ಳದ ಅಂಚಿನಲ್ಲಿ ಮಣ್ಣು ಮಾಡಿದೆವು. ಮೇಲೆ ಬಿಳಿ ಬೆಣಚುಕಲ್ಲು ಹರಡಿ, ಕತ್ತೆಕಿರುಬ ಬಾರದ ಹಾಗೆ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದೆ. ಗೋರಿಯ ಬೇಲಿಗೆ ನಮ್ಮಲ್ಲಿ ಬಾಗಿಲು ಬಿಡುವುದಿಲ್ಲ. ಒಳಗೆ ಹೋದವರು ಹೊರಗೆ ಬರಬೇಕಾಗಿಲ್ಲವಲ್ಲ.

ಅದಾದ ಮೇಲೆ ಇಲ್ಹಾಮ್ ಬಂದಳು. ಕಡಲತೀರದ ಊರಿನ ವಿಶ್ವವಿದ್ಯಾಲಯದಲ್ಲಿ ಗಿಡಮರಗಳ ಪಾಠ ಹೇಳುವ ಹೆಂಗಸು. ಬೆಟ್ಟದ ಮೇಲೆ ಓಂಬೆಟ್ ಎಲ್ಲೆಲ್ಲಿ ಜೀವಂತವಾಗಿದೆ ಎಂದು ಹುಡುಕಿ ಗುರುತು ಮಾಡಲು, ಉಳಿಸಲು ಏನಾದರೂ ದಾರಿಯಿದೆಯೇ ಎಂದು ನೋಡಲು ಬಂದಿದ್ದಳು. ತಾನೊಬ್ಬಳೇ ಓಡಾಡಿದರೆ ಕೆಲಸ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ಮೊದಲು ನಮ್ಮ ಹಿರಿಯರ ಜೊತೆ ಕೂತು ಶುಂಠಿ ಹಾಕಿದ ಕಾಫಿ ಕುಡಿದಳು, ಬೇಡವೆನ್ನದೆ ಕೊಟ್ಟಷ್ಟು ಬಟ್ಟಲು ಮುಗಿಸಿದಳು, ಯಾರ ಅಜ್ಜಿ ಯಾವ ಮರದ ನಾರಿನಿಂದ ಹಗ್ಗ ಹೊಸೆದಳೆಂಬ ಕತೆಗಳನ್ನೆಲ್ಲ ಕೇಳಿದಳು. ಆಮೇಲೆ ನಾನೂ, ನನ್ನ ತೀರಿಕೊಂಡ ಹೆಂಡತಿಯ ತಮ್ಮ ಹಮ್ಮದನೂ ಅವಳ ಜೊತೆ ಹೊರಟೆವು. ಹಮ್ಮದ್ ಸತ್ತವರ ಮನೆಯಲ್ಲೂ ನಗಿಸುವ ಮನುಷ್ಯ.

ಬದುಕಿದ ಮರಕ್ಕೆ ಬಿಳಿ ಬಣ್ಣದ ಗೆರೆ ಎಳೆಯುವುದು, ಸತ್ತದ್ದಕ್ಕೆ ಏನೂ ಇಲ್ಲ. ಬಣ್ಣದ ಡಬ್ಬಿಯನ್ನು ತೆರೆಯದೆಯೇ ಸಂಜೆಯಾದ ದಿನಗಳಿದ್ದವು. ನನ್ನ ಪ್ರಾಯದಲ್ಲಿ ಆ ಇಳಿಜಾರುಗಳಲ್ಲಿ ಕೊಡೆ ಬಿಡಿಸಿಕೊಂಡು ನಿಂತವರ ಜಾತ್ರೆಯಂತೆ ಓಂಬೆಟ್‌ಗಳಿದ್ದವು. ಈಗ ಬೂದಿ ಬಣ್ಣದ ಮೋಟುಗಳು. "ಭಾವ, ಇಲ್ಲಿ ಮರಕ್ಕಿಂತ ಮರದ ಸುದ್ದಿ ಜಾಸ್ತಿ ಇದೆ" ಎಂದ ಹಮ್ಮದ್. ಇಲ್ಹಾಮ್ ನಕ್ಕಳು. ನಾನೂ ನಗಬೇಕಿತ್ತು.

ಒಂದು ಮಧ್ಯಾಹ್ನ ಹಸಿರು ತಲೆಯ ಮರವೊಂದು ಸಿಕ್ಕಿತು. ಹಮ್ಮದ್ ಸಂತೋಷದಿಂದ ತನ್ನ ಕೋಲನ್ನು ಅದಕ್ಕೆ ಒರಗಿಸಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಕೂತ. ಗಾಳಿಯಿರಲಿಲ್ಲ. ಒಂದು ಹಕ್ಕಿಯೂ ಕೂಗಿರಲಿಲ್ಲ. ಕೋಲಿನ ಭಾರಕ್ಕೋ ಏನೋ, ಮರ ಸದ್ದಿಲ್ಲದೆ ಮಂಡಿಯೂರಿದ ಮನುಷ್ಯನಂತೆ ಕುಸಿದು ಪಕ್ಕಕ್ಕೆ ಮಲಗಿತು. ಕಾಂಡದೊಳಗೆ ನೆನೆದ ರೊಟ್ಟಿಯಂಥ ಕಪ್ಪು ತಿರುಳು, ಹುಳಿ ವಾಸನೆ. ಗಾಯವಾದರೆ ರಕ್ತದಂತೆ ಕೆಂಪು ರಸ ಒಸರುವ ಮರ ಅದು. ಒಂದು ಹನಿಯೂ ಬರಲಿಲ್ಲ. ಹಮ್ಮದ್ ತನ್ನ ಕೋಲನ್ನು ಎತ್ತಿಕೊಂಡು ಒರೆಸಿದ, ಮತ್ತೆ ಒರೆಸಿದ.

ಹದಾತ್ ಹಣ್ಣು ಆರಿಸಿದ ತಾಯಿಮರ ಬದುಕಿತ್ತು. ಆದರೆ ಆ ವರ್ಷ ಅದರಲ್ಲಿ ಹಣ್ಣಿರಲಿಲ್ಲ. ಇಲ್ಹಾಮ್ ಬುಡದ ಸುತ್ತ ಮೊಣಕಾಲೂರಿ ಎಳೆ ಗಿಡಗಳಿಗಾಗಿ ಹುಡುಕಿದಳು; ಆಡು ಒಂಟೆಗಳು ಒಂದನ್ನೂ ಉಳಿಸಿರಲಿಲ್ಲ. ಹಟ್ಟಿಗೆ ಬಂದು ಡಬ್ಬಿಗಳ ಮುಂದೆ ಬಹಳ ಹೊತ್ತು ಕೂತಳು.

"ಅಜ್ಜಾ, ಈ ಬೆಟ್ಟದಲ್ಲಿ ಹೊಸ ಓಂಬೆಟ್ ಅಂತ ಇರೋದು ನಿಮ್ಮ ಮಗಳ ಡಬ್ಬಿಗಳಲ್ಲಿ ಮಾತ್ರ" ಎಂದಳು.

ಸಸಿಗಳನ್ನು ತಾಯಿಮರದ ಕೆಳಗಿನ ಜಗಲಿಯಂಥ ಜಾಗದಲ್ಲಿ ನೆಟ್ಟೆವು. ಕಡಲ ಮಂಜು ಮೊದಲು ಮುಟ್ಟುವುದು ಅದನ್ನೇ. ಹಟ್ಟಿಯ ಗಂಡಸರೆಲ್ಲ ಜಾಲಿಮುಳ್ಳು ಹೊತ್ತು ತಂದರು. ಬೇಲಿ ಸುತ್ತಲೂ ಪೂರ್ತಿ ಮುಚ್ಚಿಹೋಗಲಿ, ನೀರನ್ನು ಮೇಲಿನಿಂದ ಸುರಿದರಾಯಿತು, ಬಾಗಿಲು ಯಾಕೆ ಎಂದು ಇಲ್ಹಾಮ್ ಕೇಳಿದಳು. ನಾನು ಒಪ್ಪಲಿಲ್ಲ. ಬಾಗಿಲಿಲ್ಲದ ಬೇಲಿಯನ್ನು ಇದೇ ಕೈಯಿಂದ ಆಗಷ್ಟೇ ಹಾಕಿ ಬಂದಿದ್ದೆ. ಮುಳ್ಳು ಗೀರಿದ ಗಾಯ ಮಾದಿರಲಿಲ್ಲ.

"ತಾಯಿ, ಜೀವ ಇರೋದಕ್ಕೆ ನಾನು ಅಂಥ ಬೇಲಿ ಹಾಕಲ್ಲ" ಎಂದೆ.

ಹಮ್ಮದ್ ನನ್ನ ಪರ ನಿಂತ, ಉಳಿದವರೂ ತಲೆಯಾಡಿಸಿದರು. ಅವಳು ನನ್ನ ಮುಖ ನೋಡಿ ಒಪ್ಪಿದಳು.

ಗಾಳಿಗೆ ಬೆನ್ನಾದ ಕಡೆ ಬಾಗಿಲು ಬಿಟ್ಟೆವು. ಹೊಸ್ತಿಲಿಗೊಂದು ಚಪ್ಪಟೆ ಕಲ್ಲು, ಎಳೆದು ಮುಚ್ಚಲು ಹಗ್ಗ ಕಟ್ಟಿದ ಒಂದು ಮುಳ್ಳುಕಂಟಿ. ಅಪ್ಪ ಅಜ್ಜಂದಿರ ಕಾಲದಿಂದ ಕೈಗೆ ಬಂದ ಕೆಲಸ. ತಲೆ ಎಲ್ಲೋ ಇದ್ದರೂ ಕೈ ತಾನಾಗಿ ಮಾಡುತ್ತದೆ. ಮುಗಿದ ಮೇಲೆ ಹಮ್ಮದ್ ದೂರ ನಿಂತು ನೋಡಿ, "ಭಾವ, ಎಷ್ಟು ಚೆನ್ನಾಗಿ ದೊಡ್ಡಿ ಕಟ್ಟಿದೀಯ! ಒಳಗೆ ಮರಿಗಳಿಲ್ಲ ಅನ್ನೋದೊಂದೇ ಕೊರತೆ" ಎಂದ. ಎಲ್ಲರೂ ನಕ್ಕರು. ಮಣ್ಣು ಮಾಡಿದ ದಿನದಿಂದ ಮೊದಲ ಸಲ ನಾನೂ ನಕ್ಕೆ.

ಮರಿದೊಡ್ಡಿಗೆ ನಮ್ಮ ಬೆಟ್ಟದಲ್ಲಿ ಒಡೆಯನಿಲ್ಲ. ಯಾರೇ ಕಟ್ಟಿರಲಿ, ಚಳಿಗೆ ಸಿಕ್ಕಿಬಿದ್ದ ದಾರಿಹೋಕ ತನ್ನ ಆಡಿನ ಮರಿಗಳನ್ನು ಕೇಳದೆ ಒಳಗೆ ಬಿಡಬಹುದು. ಹೋಗುವಾಗ ಬಾಗಿಲು ಮುಚ್ಚಿ, ಕಟ್ಟಿದವನಿಗೆ ಒಳ್ಳೆಯದನ್ನು ಬೇಡಿಕೊಂಡು ಹೋದರೆ ತೀರಿತು. ಇದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು. ಆ ದಿನ ನಮ್ಮಲ್ಲಿ ಒಬ್ಬನಿಗೂ ಅದು ನೆನಪಾಗಲಿಲ್ಲ. ಉಸಿರಾಡುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಇಲ್ಹಾಮ್ ಮತ್ತೆ ಬರುವೆನೆಂದು ಊರಿಗೆ ಹೋದಳು. ನಾನು ತೊಗಲಿನ ಚೀಲದಲ್ಲಿ ನೀರು ಹೊತ್ತು ಬೆಟ್ಟ ಹತ್ತುತ್ತಿದ್ದೆ. ಎಲೆಗಳ ತುದಿ ಹಳದಿಯಾಯಿತು. ಮರಳುಗಾಡಿನ ಕಡೆಯಿಂದ ಒಣಗಾಳಿ ಬೀಸಿ ತಾಯಿಮರದ ಒಂದು ಕೊಂಬೆ ಮುರಿದು ಬೇಲಿಯ ಪಕ್ಕದಲ್ಲಿ ಬಿತ್ತು. ಹದ್ದುಗಳೆರಡು ಮೇಲೆ ಸುತ್ತುವುದನ್ನು ಬಿಟ್ಟು ಬಂಡೆಯ ಮೇಲೆ ಬಂದು ಕೂತಿದ್ದವು. ಏನನ್ನು ಕಾಯುತ್ತಿದ್ದವೋ ದೇವರಿಗೇ ಗೊತ್ತು. ಪ್ರತಿ ನಮಾಜಿನ ಕೊನೆಗೆ ನಾನು ಒಂದನ್ನೇ ಬೇಡಿದೆ: ಮಂಜು ಕೊಡು.

ಅವನು ಕೊಟ್ಟ. ಒಂದು ದಿನ ಮಧ್ಯಾಹ್ನ ದಾಟುವಾಗ ಕಡಲು ಬೆಳ್ಳಗಾಯಿತು. ನೋಡುತ್ತಿದ್ದಂತೆ ಕಣಿವೆ ತುಂಬಿತು, ಒಂಟೆಗಳು ಮಾಯವಾದವು, ಎದುರಿನ ಗುಡಾರ ಮಾಯವಾಯಿತು. ಅಷ್ಟು ದಪ್ಪ, ಅಷ್ಟು ತಣ್ಣನೆಯ ಮಂಜನ್ನು ನಾನು ಕಂಡಿರಲಿಲ್ಲ. ಗುಡಾರಕ್ಕೆ ಹೊದಿಸಿದ ಚಾಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಮ್ಮದ್ ಕಾಫಿಬೀಜ ಹುರಿಯುತ್ತ, ಮಗಳ ಗಿಡಗಳು ಇವತ್ತು ಹೊಟ್ಟೆ ತುಂಬ ಕುಡಿಯುತ್ತವೆ ಎಂದ. ಆಗ ಬೆಟ್ಟದ ಮೇಲೆಲ್ಲೋ, ಮಂಜಿನೊಳಗಿಂದ, ಎಳೆ ಮರಿಗಳು ಕೂಗುವುದು ಕೇಳಿಸಿತು. ಚಳಿಗೆ ಸೆಟೆಯುತ್ತಿರುವ ಮರಿಯ ಕೂಗು, ಕುರುಬನ ಕಿವಿಗೆ ಅದು ತಿಳಿಯುತ್ತದೆ. ಯಾರೋ ಪರವೂರಿನವನು ದಾರಿ ತಪ್ಪಿದ್ದಾನೆ ಎಂದುಕೊಂಡೆವು. ಹುಡುಕಲು ಹೊರಟರೆ ನಮ್ಮ ಕೈಯೇ ನಮಗೆ ಕಾಣುತ್ತಿರಲಿಲ್ಲ. ಕೂಗಿ ಕರೆದೆವು, ಮಂಜು ಕೂಗನ್ನು ನುಂಗಿತು. ನಾನು ಕೈಯೆತ್ತಿ, ದೇವರೇ, ಆ ಮರಿಗಳಿಗೆ ಎಲ್ಲಾದರೂ ಒಂದು ಮರೆ ತೋರಿಸು ಎಂದು ಬೇಡಿದೆ. ಸ್ವಲ್ಪ ಹೊತ್ತಿನಲ್ಲಿ ಕೂಗು ನಿಂತಿತು.

ಬೆಳಕು ಹರಿದ ಮೇಲೆ ಮಂಜು ತೆಳುವಾಯಿತು. ಹತ್ತುವಾಗ ಮೊದಲು ಕಂಡದ್ದು ಹೊಗೆ. ಆಮೇಲೆ ಬೇಲಿಯ ಪಕ್ಕದಲ್ಲಿ ಕಂಬಳಿ ಹೊದ್ದು ಕೂತ ಮುದುಕ. ಬೇಲಿಯೊಳಗಿಂದ ಮರಿಗಳ ಕೂಗು; ಚಳಿಯದ್ದಲ್ಲ, ತಾಯಿಯನ್ನು ಕರೆಯುವ ತುಂಬಿದ ಗಂಟಲಿನ ಕೂಗು.

ಅವನು ಎದ್ದು ನಿಂತು ಕೈ ಹಿಡಿದ. ಪಶ್ಚಿಮದ ಕಣಿವೆಯವನು, ಹೆಸರು ಓಕೀರ್. ಆಡುಗಳು ಮಂಜಿನಲ್ಲಿ ಚದುರಿಹೋಗಿ ಮರಿಗಳು ಮಾತ್ರ ಕೈಯಲ್ಲಿ ಉಳಿದಿದ್ದವಂತೆ. ಒಂದೊಂದಾಗಿ ಬೀಳುತ್ತಿದ್ದಾಗ ಕೈಗೆ ಮುಳ್ಳು ತಾಗಿತು, ತಡವುತ್ತ ಹೋದರೆ ಕಾಲಿಗೆ ಚಪ್ಪಟೆ ಹೊಸ್ತಿಲು ಸಿಕ್ಕಿತು ಎಂದ.

"ಒಂದೂ ಸಾಯಲಿಲ್ಲ ನೋಡಣ್ಣ. ಇದನ್ನ ಕಟ್ಟಿದವನ ಮಕ್ಕಳು ನೂರು ಕಾಲ ಬಾಳಲಿ ಅಂತ ಬೆಳಗಿನ ನಮಾಜಲ್ಲಿ ಬೇಡ್ಕೊಂಡೆ."

ನಾನು ಆಮೀನ್ ಎಂದೆ.

ಹೊಸಬರು ಎದುರಾದರೆ ನಮ್ಮಲ್ಲಿ ಸಕನಾಬ್ ಆಗಬೇಕು. ಇಬ್ಬರೂ ಕೂತು ತಮ್ಮ ಕಡೆಯ ಸುದ್ದಿಯನ್ನೆಲ್ಲ, ಮೇವು, ನೀರು, ಹುಟ್ಟು, ಸಾವು, ಒಂದನ್ನೂ ಮುಚ್ಚಿಡದೆ ಹೇಳಬೇಕು. ಮುಚ್ಚಿಟ್ಟವನು ಬಾವಿ ಮುಚ್ಚಿದವನಿಗೆ ಸಮ ಎನ್ನುತ್ತಾರೆ. ಓಕೀರ್ ತನ್ನದನ್ನು ಹೇಳಿ ಮುಗಿಸಿದ. ನಾನು ಶುರುಮಾಡಿದೆ. ಬೇಸಿಗೆಯ ಮೇವು ಹೇಳಿದೆ. ಬತ್ತಿದ ಬಾವಿ ಹೇಳಿದೆ. ಮಗಳನ್ನು ಹೇಳಿದೆ. ಅವನು ಅಂಗೈ ತೆರೆದು ಸತ್ತವಳಿಗಾಗಿ ಫಾತಿಹಾ ಓದಿ ಮುಖ ಸವರಿಕೊಂಡ.

"ಏನಾದ್ರೂ ಬಿಟ್ಟುಹೋದ್ಲಾ? ಮಕ್ಕಳು ಮರಿ?" ಎಂದು ಮೆಲ್ಲಗೆ ಕೇಳಿದ.

ಬೇಲಿಯ ಸಂದಿನಲ್ಲಿ ಒಂದು ಬಿಳಿ ಮರಿ ಮೂತಿ ತೂರಿಸಿ ನಮ್ಮನ್ನು ನೋಡುತ್ತಿತ್ತು. ಅದರ ತುಟಿಯಲ್ಲಿ ಹಸಿರಿನ ಚೂರು ಅಂಟಿತ್ತು. ಅತಿಥಿಯ ಮನಸ್ಸು ನೋಯಿಸುವುದು ಪಾಪ. ಸುದ್ದಿ ಮುಚ್ಚಿಡುವುದೂ ಪಾಪ.

"ಬಿಟ್ಟುಹೋಗಿದ್ಲು ಅಣ್ಣ. ಈ ಬೇಲಿಯೊಳಗೆ" ಎಂದೆ.

ಅವನು ಹೋಗಿ ಒಳಗೆ ನೋಡಿದ. ಹಿಂದಕ್ಕೆ ಬಂದು ತನ್ನ ಕೋಲನ್ನು ನನ್ನ ಕಾಲ ಬಳಿ ನೆಲದ ಮೇಲೆ ಇಟ್ಟ. ಹಸಿ ಮರ ಕೊಂದವನು ಮನುಷ್ಯನನ್ನು ಕೊಂದವನ ಹಾಗೆ ಕೋಲಿಟ್ಟು ನ್ಯಾಯಕ್ಕೆ ತಲೆಬಾಗಬೇಕೆಂಬುದು ನಮ್ಮ ಹಳೆಯ ಕಟ್ಟಳೆ. ನಾನು ಕೋಲನ್ನು ಎತ್ತಿ ಅವನ ಕೈಗೇ ಕೊಟ್ಟೆ.

"ಬಾಗಿಲಿತ್ತು, ನೀನು ಬಂದೆ. ಹಿಡ್ಕೊ."

ಅವನು ಹೋಗಲಿಲ್ಲ. ಚದುರಿದ ಆಡುಗಳನ್ನು ನಮ್ಮವರು ಹುಡುಕಿ ತಂದ ಮೇಲೂ, ಇಲ್ಹಾಮ್ ಬರುವವರೆಗೆ ಆ ಹೊಸ್ತಿಲ ಮೇಲೆಯೇ ಕೂತಿದ್ದ. ಅವಳು ಬಂದು, ಮರಿಗಳ ಹಲ್ಲಿನ ಗುರುತಿದ್ದ ಸಸಿಯ ಮೋಟುಗಳ ಬುಡವನ್ನು ಬೆರಳಿನಿಂದ ಕೆರೆದು, ಮಣ್ಣು ಮುಚ್ಚಿದಳು. ಬೇರು ಕದಲಿಲ್ಲ, ಆದರೆ ಚಿಗುರುವ ಕಣ್ಣು ಉಳಿದಿದೆಯೋ ಇಲ್ಲವೋ ಹೇಳಲಾಗದು, ಕೆಲವು ಚಳಿಗಾಲ ಕಳೆಯಬೇಕು, ಅಲ್ಲಿಯವರೆಗೆ ಒಂದು ಬಾಯಿಯೂ ಹತ್ತಿರ ಬರಬಾರದು ಎಂದಳು. ಬಾಗಿಲಿನ ಮಾತನ್ನು ಎತ್ತಲಿಲ್ಲ.

"ಮುಳ್ಳು ಕೊಡು ಮಗಳೇ" ಎಂದೆ.

ಓಕೀರ್ ಹೊಸ್ತಿಲ ಕಲ್ಲನ್ನು ಕಿತ್ತು ಉರುಳಿಸಿದ. ಹಮ್ಮದ್ ಕಂಟಿಗಳನ್ನು ಎತ್ತಿಕೊಟ್ಟ. ಸಂದು ಒಂದೂ ಉಳಿಯದ ಹಾಗೆ ನನ್ನ ಕೈಯಾರೆ ಮುಚ್ಚಿದೆ.

ಈಗ ಅಲ್ಲಿಗೆ ಯಾರೂ ಮರಿ ತರುವುದಿಲ್ಲ. ಎಂಥ ಮಂಜಿನಲ್ಲೂ ಬೇಲಿಯನ್ನು ತಡವಿ, ಬಾಗಿಲು ಸಿಗದೆ, ಹಿಂದೆ ಸರಿಯುತ್ತಾರೆ. ಹಗಲಿನಲ್ಲಿ ಹಾದುಹೋಗುವವರು ನಿಂತು ಫಾತಿಹಾ ಓದುತ್ತಾರೆ. ನಾನು ಅಲ್ಲಿದ್ದರೆ ಯಾರ ಗೋರಿ ಎಂದು ಕೇಳುತ್ತಾರೆ. ಸುದ್ದಿ ಮುಚ್ಚಿಡಬಾರದು, ಇದು ಗೋರಿಯೋ ಅಲ್ಲವೋ ನನಗಿನ್ನೂ ತಿಳಿದಿಲ್ಲ ಎನ್ನುತ್ತೇನೆ. ಅವರು ನನ್ನನ್ನೊಮ್ಮೆ ನೋಡಿ ಬೇಗ ಮುಂದೆ ಹೋಗುತ್ತಾರೆ.

ಈ ವರ್ಷವೂ ಮಂಜು ತಡವಾಗಿದೆ. ತಾಯಿಮರದ ಇನ್ನೊಂದು ಕೊಂಬೆ ಒಣಗಿತು. ಬೇಲಿ ದಟ್ಟವಾಗಿದೆ, ಒಳಗೆ ಏನೂ ಕಾಣುವುದಿಲ್ಲ. ಮಧ್ಯಾಹ್ನದ ನಮಾಜಿಗೆ ಕೈಕಾಲು ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದು ಮೇಲಿನಿಂದ ಸುರಿಯುತ್ತೇನೆ. ಅದು ಒಳಗೆ ಮಣ್ಣಿಗೆ ಬೀಳುವ ಸದ್ದು ಕೇಳುತ್ತದೆ. ಎಲೆಯ ಮೇಲೆ ಬಿದ್ದರೆ ಸದ್ದು ಬೇರೆ ಇರುತ್ತದೆ. ಕಿವಿಗೊಟ್ಟು ನಿಲ್ಲುತ್ತೇನೆ.