ಮರಿಯಮ್ಮನ ಪಟ್ಟೆ

ಬೆಳ್ಳಿಯಪ್ಪನವರ ಮೀಸೆಯನ್ನು ಕುಸುಮಾ ಮೊದಲ ದಿನವೇ ಬೋಳಿಸಿಬಿಟ್ಟಿದ್ದಳು. ತನ್ನ ಕಾದಂಬರಿಯಲ್ಲಿ, ಅಷ್ಟೇ. ನಿಜವಾದ ಮೀಸೆ ಕಳಸದ ಹತ್ತಿರದ ಅವರ ಕಾಫಿ ಎಸ್ಟೇಟಿನಲ್ಲಿ ಕ್ಷೇಮವಾಗಿಯೇ ಇತ್ತು. ಆಮೇಲೆ ಅವರ ಹೆಸರು ಹೋಯಿತು, ಕಳಸ ಹೋಗಿ ಯಾವ ನಕ್ಷೆಯಲ್ಲೂ ಇಲ್ಲದ ಊರೊಂದು ಬಂತು. ಕಾಫಿ ಏಲಕ್ಕಿಯಾಯಿತು, ಜೀಪು ಲಾರಿಯಾಯಿತು, ಹಾವು ಕಚ್ಚಿದ್ದು ಮರ ಬಿದ್ದದ್ದಾಯಿತು. ವಕೀಲರು ಒಪ್ಪದೆ ಅಚ್ಚಿಗೆ ಕೊಡುವುದಿಲ್ಲವೆಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದರು. ಅವಳು ಹಟ ಹಿಡಿದು ಉಳಿಸಿಕೊಂಡದ್ದು ಅಮ್ಮನ ಹೆಸರೊಂದನ್ನೇ. ಪುಸ್ತಕ ಬರೆದದ್ದೇ ಆ ಹೆಸರು ಅಚ್ಚಾಗಲಿ ಎಂದು.

ಮೂಡಿಗೆರೆಯ ಬಸ್‌ಸ್ಟ್ಯಾಂಡ್ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ವಕೀಲೆ ರೂಪಶ್ರೀ ತಿದ್ದಿದ ಪ್ರತಿಯನ್ನು ಓದಿ ಮುಗಿಸಿ ಕನ್ನಡಕ ತೆಗೆದಳು.

“ಮರಿಯಮ್ಮ ಅನ್ನೋದನ್ನೂ ತೆಗೀಬೇಕಲ್ಲ ಮಾರಾಯ್ತಿ.”

“ಅಮ್ಮ ಸತ್ತು ಎಷ್ಟೋ ವರ್ಷ ಆಯ್ತು. ಮಗಳೇ ಬರೀತಿರೋದು, ತೊಂದರೆ ಇಲ್ಲ ಅಂದಿದ್ದು ನೀವೇ.”

“ನಿಮ್ಮಮ್ಮನ ಕಡೆಯಿಂದ ತೊಂದರೆ ಇಲ್ಲ. ಬೆಳ್ಳಿಯಪ್ಪನವ್ರು ಬದುಕಿದಾರಲ್ಲ. ಅವ್ರ ತೋಟದ ಹೊಳೆದಂಡೆಗೆ ಏನಂತ ಕರೀತಾರೆ, ಹೇಳು?”

ಕುಸುಮಾಗೆ ಗೊತ್ತಿಲ್ಲದ್ದೇನಲ್ಲ. ಆ ತೋಟದಲ್ಲಿ ಯಾರಾದರೂ ಕೆಲಸ ಮಾಡುತ್ತಲೇ ಸತ್ತರೆ, ಸತ್ತ ಜಾಗದ ಪಟ್ಟೆಗೆ, ಅಂದರೆ ತೋಟದ ಆ ತುಂಡಿಗೆ, ಆಳುಗಳು ಅವರ ಹೆಸರನ್ನೇ ಇಟ್ಟುಬಿಡುತ್ತಾರೆ. ಕಲ್ಲಿಲ್ಲ, ಪೂಜೆಯಿಲ್ಲ, ಅಷ್ಟೇ. ಹಣ್ಣು ಕುಯ್ಯುತ್ತಿದ್ದ ಅಮ್ಮನಿಗೆ ಹಾವು ಕಚ್ಚಿದ್ದು ಹೊಳೆದಂಡೆಯ ಪಟ್ಟೆಯಲ್ಲಿ. ಶೆಡ್ಡಿನಲ್ಲಿ ಜೀಪು ನಿಂತಿತ್ತು. ನೆಂಟರನ್ನು ಹೊರನಾಡಿನ ದೇವಸ್ಥಾನಕ್ಕೆ ಕರೆದೊಯ್ಯಬೇಕೆಂದು ಬೆಳ್ಳಿಯಪ್ಪನವರು ಕೊಡಲಿಲ್ಲ. ಅಮ್ಮ ಅಲ್ಲೇ ಪ್ರಾಣ ಬಿಟ್ಟಳು. ಈಗ ಮೇಸ್ತ್ರಿಯಷ್ಟೇ ಅಲ್ಲ, ಅದೇ ಬೆಳ್ಳಿಯಪ್ಪನವರೂ “ಇವತ್ತು ಮರಿಯಮ್ಮನ ಪಟ್ಟೆಗೆ ಹೋಗ್ರೋ” ಎನ್ನುತ್ತಾರೆ. ನಾಲಿಗೆ ಒಂಚೂರೂ ತಡವರಿಸುವುದಿಲ್ಲ.

“ಆ ಹೆಸರು, ಗಾಡಿ ಕೊಡದ ಧಣಿ, ಎರಡೂ ಒಟ್ಟಿಗೆ ಕಂಡ್ರೆ ಕಳಸದಲ್ಲಿ ಯಾರಿಗೆ ಗೊತ್ತಾಗಲ್ಲ? ಮಾನನಷ್ಟದ ಕೇಸ್ ಹಾಕ್ತಾರೆ.”

“ನಡೆದಿದ್ದು ನಿಜ.”

“ನಿಜ ಅಂತ ಕೋರ್ಟಲ್ಲಿ ಹೇಳೋರು ಯಾರು? ನೋಡಿದೋರೆಲ್ಲ ಅವ್ರು ಆಳುಗಳಿಗೆ ಕೊಟ್ಟ ಲೈನ್ ಮನೇಲೇ ಇದಾರೆ. ನಿಮ್ಮಪ್ಪನೂ.”

ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕೆಳಗೆ ಜೀಪಿನವನೊಬ್ಬ ಜನ ತುಂಬಿಸಿಕೊಳ್ಳಲು ಕೂಗುತ್ತಿದ್ದ. ಕುಸುಮಾ ಪ್ರತಿಯ ಅಂಚಿನಲ್ಲಿ ಬಾಯಿಗೆ ಬಂದ ಹೆಸರೊಂದನ್ನು ಬರೆದಳು: ಗಿರಿಜಮ್ಮ. ರೂಪಶ್ರೀ ಆಗಬಹುದೆಂದು ತಲೆಯಾಡಿಸಿದಳು.

ಪುಸ್ತಕ ಕೈಗೆ ಬಂದಾಗ ಲೈನ್ ಮನೆಗೆ ಹೋಗಿ ಅಪ್ಪ ಲಕ್ಕಯ್ಯನ ಮುಂದೆ ಕೂತಳು. ಅಪ್ಪನಿಗೆ ಓದು ಬರದು. ಗಿರಿಜಮ್ಮ ಸಾಯುವ ಅಧ್ಯಾಯವನ್ನು ಅವಳೇ ಓದಿದಳು. ಕತೆ ಯಾರದೆಂದು ಹೇಳಲಿಲ್ಲ. ಅಪ್ಪ ಒಬ್ಬನಿಗೆ ಗುರುತು ಸಿಕ್ಕರೆ ಸಾಕೆಂದುಕೊಂಡಿದ್ದಳು.

ಲಕ್ಕಯ್ಯ ಬೀಡಿ ಹಚ್ಚುವುದನ್ನೂ ಮರೆತು ಕೇಳಿದ. ಮುಗಿದ ಮೇಲೆ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

“ಅಯ್ಯೋ ದೇವ್ರೇ,” ಅಂದ. “ಆ ಹೆಂಗ್ಸಿಗೆ ಮಕ್ಳೇನಾದ್ರೂ ಇದ್ವಾ?”

“ಒಬ್ಳಿದ್ಳಪ್ಪ,” ಎಂದು ಕುಸುಮಾ ಪುಸ್ತಕ ಮುಚ್ಚಿದಳು.